ಅಂಗಡಿ ಲೆಕ್ಕದ ಇನ್ನೊಂದು ಪ್ರತಿ



ವ್ಯಾಪಾರ ಮಾಡುವವರಿಗೆ ಮಾರ್ಚ್ 31 ಎಂದರೆ ಲೆಕ್ಕ ಮುಗಿಸುವ ದಿನ. ಸರಕು ಎಣಿಸಬೇಕು, ಉದ್ರಿ ಎಷ್ಟು ಬಾಕಿ ಉಳಿದಿದೆ ನೋಡಬೇಕು, ಬ್ಯಾಂಕಿನ ಪಾಸ್‌ಪುಸ್ತಕಕ್ಕೂ ನಮ್ಮ ಪುಸ್ತಕಕ್ಕೂ ತಾಳೆ ಹಾಕಬೇಕು. 2011ರಿಂದ ಇದೇ ಮಾರ್ಚ್ 31ನ್ನು ‘ವಿಶ್ವ ಬ್ಯಾಕಪ್ ದಿನ’ ಎಂದು ಆಚರಿಸುವ ರೂಢಿಯೂ ಬಂದಿದೆ. ಮರುದಿನ ಏಪ್ರಿಲ್ 1, ಮೂರ್ಖರ ದಿನ. ಹಿಂದಿನ ದಿನವೇ ಎಚ್ಚೆತ್ತುಕೊಳ್ಳಿ ಎಂಬ ಕುಚೋದ್ಯ ಅದರಲ್ಲಿದೆ. ನಮ್ಮ ಊರುಗಳ ಅಂಗಡಿ, ಮಂಡಿ, ಸ್ಟುಡಿಯೊಗಳಲ್ಲಿ ಈ ದಿನದ ಹೆಸರು ಕೇಳಿದವರು ಕಡಿಮೆ ಇರಬಹುದು. ಆದರೆ ಲೆಕ್ಕ ಮಾತ್ರ ಹೆಚ್ಚುಕಡಿಮೆ ಎಲ್ಲರದ್ದೂ ಕಂಪ್ಯೂಟರಿನೊಳಗೆ ಹೋಗಿ ಕೂತಿದೆ.

ಹಿಂದೆ ನಮ್ಮ ಕಡೆಯ ವರ್ತಕರು ಕಡತದಲ್ಲಿ ಲೆಕ್ಕ ಬರೆಯುತ್ತಿದ್ದರು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೆಯ ಕಡತಗಳನ್ನು ವಿದ್ವಾಂಸರು ಓದಿ ಇತಿಹಾಸ ಬರೆದಿದ್ದಾರೆ. ಕಡತವೂ ಹಾಳಾಗುತ್ತದೆ, ಆದರೆ ಕಣ್ಣಿಗೆ ಕಾಣುವಂತೆ ಹಾಳಾಗುತ್ತದೆ: ಅಂಚು ಸವೆಯುತ್ತದೆ, ನಾಲ್ಕು ಸಾಲು ಮಾಸುತ್ತದೆ, ಉಳಿದದ್ದನ್ನು ಬೇರೆ ಕಡೆ ಎತ್ತಿ ಬರೆದುಕೊಳ್ಳಲು ಸಮಯ ಸಿಗುತ್ತದೆ. ಹಾರ್ಡ್‌ಡಿಸ್ಕ್ ಬಹಳ ಸಲ ಅಷ್ಟು ಸಮಯ ಕೊಡುವುದಿಲ್ಲ. ನಿನ್ನೆ ರಾತ್ರಿ ಬಾಗಿಲು ಹಾಕುವಾಗ ಎಲ್ಲ ಸರಿಯಾಗಿತ್ತು, ಇವತ್ತು ಬೆಳಗ್ಗೆ ಸ್ವಿಚ್ ಹಾಕಿದರೆ ಹತ್ತು ವರ್ಷದ ಲೆಕ್ಕ ಒಟ್ಟಿಗೇ ಇಲ್ಲ.

ಕಂಪ್ಯೂಟರ್ ರಿಪೇರಿಗೆ ಬಂದ ಹುಡುಗನಿಗೂ ಅಂಗಡಿಯ ಯಜಮಾನರಿಗೂ ನಡೆಯುವ ಮಾತು ಎಲ್ಲ ಊರಲ್ಲೂ ಒಂದೇ ಥರ.

“ಶೆಟ್ರೇ, ಸಿಸ್ಟಂ ಫಾರ್ಮ್ಯಾಟ್ ಮಾಡ್ಬೇಕಾಗತ್ತೆ. ಬ್ಯಾಕಪ್ ಇಟ್ಟಿದೀರಾ?”

“ಇಟ್ಟಿಲ್ದೆ ಏನಪ್ಪಾ, ದಿನಾ ತಗೋತೀನಿ. ಡಿ ಡ್ರೈವ್‌ನಲ್ಲೇ ಇದೆ, ನೋಡು.”

ಶೆಟ್ಟರು ಸುಳ್ಳು ಹೇಳುತ್ತಿಲ್ಲ. ದಿನವೂ ಶ್ರದ್ಧೆಯಿಂದ ನಕಲು ತೆಗೆದಿದ್ದಾರೆ. ಆದರೆ ಅಂಗಡಿಗಳಲ್ಲಿರುವ ಬಹುಪಾಲು ಕಂಪ್ಯೂಟರುಗಳಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂಬುವು ಒಂದೇ ಹಾರ್ಡ್‌ಡಿಸ್ಕಿನ ಎರಡು ಭಾಗಗಳು. ಆ ಡಿಸ್ಕ್ ಕೆಟ್ಟರೆ ಅಸಲೂ ಹೋಯಿತು, ನಕಲೂ ಹೋಯಿತು. ಶ್ರದ್ಧೆ ಇದ್ದೂ ಪ್ರಯೋಜನವಾಗದ ಇಂಥ ಬ್ಯಾಕಪ್‌ಗಳು ನಮ್ಮಲ್ಲಿ ಬಹಳ. ಅದಕ್ಕೇ ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು: ಬ್ಯಾಕಪ್ ಹೇಗೆ ತೆಗೆಯಬೇಕು ಎಂದು ಯೋಚಿಸುವ ಮೊದಲು, ಕಳೆದುಹೋದ ದಿನ ಅದನ್ನು ಹೇಗೆ ವಾಪಸ್ ತರುತ್ತೇವೆ ಎಂದು ಯೋಚಿಸಬೇಕು. ಆ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದರೆ, ಯಾವ ವಿಧಾನ ನಮಗೆ ಸರಿ ಎಂಬುದು ಸಲೀಸಾಗಿ ತಿಳಿಯುತ್ತದೆ.

ಸಾಮಾನ್ಯವಾಗಿ ಜನ ಕೇಳುವ ಮೊದಲ ಪ್ರಶ್ನೆ, ಯಾವ ಕಂಪನಿಯ ಡಿಸ್ಕ್ ಒಳ್ಳೆಯದು, ಯಾವ ಕ್ಲೌಡ್ ಅಗ್ಗ ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದವು ಎರಡು. ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ನಾನು ತಡೆದುಕೊಳ್ಳಬಲ್ಲೆ? ಕಂಪ್ಯೂಟರಿನ ಲೆಕ್ಕವಿಲ್ಲದೆ ನನ್ನ ವ್ಯವಹಾರ ಎಷ್ಟು ದಿನ ನಡೆಯುತ್ತದೆ?

ಮಲೆನಾಡಿನ ಒಂದು ಅಡಿಕೆ ಮಂಡಿಯನ್ನು ತೆಗೆದುಕೊಳ್ಳಿ. ಅಲ್ಲಿ ಇರುವ ಲೆಕ್ಕ ಹಲವು ಬಗೆ. ಮಾರಾಟದ ಬಿಲ್ಲುಗಳ ವಿವರ ಜಿಎಸ್‌ಟಿ ರಿಟರ್ನ್ ಸಲ್ಲಿಸಿದ ಮಟ್ಟಿಗೆ ಸರ್ಕಾರದ ಪೋರ್ಟಲ್‌ನಲ್ಲಿ ಸಿಗುತ್ತದೆ. ಬ್ಯಾಂಕಿನ ವ್ಯವಹಾರವನ್ನು ಬ್ಯಾಂಕಿನಿಂದಲೇ ಮತ್ತೆ ಪಡೆಯಬಹುದು. ಹಿಂದಿನ ವರ್ಷಗಳ ಆಢಾವೆ ಪತ್ರಿಕೆ ಆಡಿಟರ ಕಚೇರಿಯಲ್ಲಿ ಇದ್ದೇ ಇರುತ್ತದೆ. ಹೀಗೆ ಒಂದೊಂದನ್ನೇ ಬದಿಗಿಡುತ್ತ ಬಂದರೆ ಕೊನೆಗೆ ಉಳಿಯುವುದು ರೈತರ ಖಾತೆ. ಯಾರು ಎಷ್ಟು ಮೂಟೆ ತಂದಿಟ್ಟಿದ್ದಾರೆ, ಯಾವುದು ಮಾರಿದೆ, ಯಾವುದು ಒಳ್ಳೆಯ ಧಾರಣೆಗೆ ಕಾಯುತ್ತಿದೆ, ಮಗಳ ಮದುವೆಗೆಂದು ಯಾರು ಮುಂಗಡ ಒಯ್ದಿದ್ದಾರೆ, ಯಾರ ಹಣ ಮಂಡಿಯಲ್ಲೇ ಇದೆ. ಇದು ಬೇರೆಲ್ಲೂ ಇಲ್ಲ. ಕಳೆದುಹೋದರೆ ನೂರಾರು ಮನೆಯವರ ಎದುರು ಕೂತು, ಅವರು ಹೇಳಿದ್ದನ್ನು ಮಂಡಿಯವರು ನಂಬಿ, ಮಂಡಿಯವರು ಹೇಳಿದ್ದನ್ನು ಅವರು ನಂಬಿ, ಮತ್ತೆ ಬರೆಯಬೇಕು. ಮಂಡಿಯ ಬ್ಯಾಕಪ್ ಶುರುವಾಗಬೇಕಾದ್ದು ಅಲ್ಲಿಂದ. ಅದರಲ್ಲೂ ಕೊಯ್ಲಿನ ದಿನಗಳಲ್ಲಿ ಅರ್ಧ ದಿನದ ದಾಖಲೆ ಹೋದರೂ ತೊಂದರೆ. ಮಳೆಗಾಲದಲ್ಲಿ ಎರಡು ದಿನದ್ದು ಹೋದರೂ ನೆನಪಿನಿಂದ ಬರೆದುಕೊಳ್ಳಬಹುದು. ನಿಮ್ಮ ಅಂಗಡಿಯಲ್ಲಿ ‘ಬೇರೆಲ್ಲೂ ಇಲ್ಲದ್ದು’ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಆ ಹಾಳೆಯ ಮೇಲೆ ನಿಲ್ಲುತ್ತದೆ.

ಒಂದೇ ಬೀದಿಯ ಮೂರು ಅಂಗಡಿಗಳಿಗೆ ಮೂರು ವಿಧಾನ ಬೇಕಾಗಬಹುದು. ಮಂಡಿಯ ಲೆಕ್ಕ ಅಂಕಿಗಳ ಲೆಕ್ಕ. ಟ್ಯಾಲಿಯಂಥ ಲೆಕ್ಕದ ತಂತ್ರಾಂಶದಲ್ಲಿ ವರ್ಷಗಟ್ಟಲೆ ಬರೆದರೂ ಗಾತ್ರ ದೊಡ್ಡದಾಗುವುದಿಲ್ಲ. ಅರ್ಧ ಜಿಬಿ ಎಂದೇ ಇಟ್ಟುಕೊಳ್ಳಿ. ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಮೇಲಕ್ಕೆ ಕಳಿಸಬಲ್ಲ ಇಂಟರ್‌ನೆಟ್ ಇದ್ದರೆ ಏಳು ನಿಮಿಷದೊಳಗೆ ಕ್ಲೌಡ್ ಸೇರುತ್ತದೆ. ಪಕ್ಕದ ಫೋಟೊ ಸ್ಟುಡಿಯೊದವರ ಕಥೆ ಬೇರೆ. ಒಂದು ಮದುವೆಯ ಫೋಟೊ, ವಿಡಿಯೊ ಸೇರಿ 100 ಜಿಬಿ ಆದರೆ, ಅದೇ ವೇಗದಲ್ಲಿ ಕಳಿಸಲು ಇಪ್ಪತ್ತೆರಡು ಗಂಟೆ ಬೇಕು, ನಡುವೆ ಕರೆಂಟೂ ಹೋಗಬಾರದು, ನೆಟ್‌ವರ್ಕೂ ಹೋಗಬಾರದು. ಮದುವೆ ಸೀಸನ್ನಿನಲ್ಲಿ ವಾರಕ್ಕೆ ನಾಲ್ಕು ಮದುವೆ ಇರುವಾಗ ಇದು ನಡೆಯುವ ಮಾತಲ್ಲ. ತಾಳಿ ಕಟ್ಟಿದ ಗಳಿಗೆಯನ್ನು ಇನ್ನೊಮ್ಮೆ ತೆಗೆಯಲೂ ಬರುವುದಿಲ್ಲ. ಅವರಿಗೆ ಎರಡು ಹೊರ ಹಾರ್ಡ್‌ಡಿಸ್ಕುಗಳೇ ಸರಿ: ಮಂಟಪದಿಂದ ಬಂದ ರಾತ್ರಿಯೇ ಎರಡಕ್ಕೂ ಹಾಕಿ, ಒಂದನ್ನು ಮನೆಗೆ ಒಯ್ಯಬೇಕು, ಆಲ್ಬಮ್ಮಿಗೆ ಆರಿಸಿದ ಚಿತ್ರಗಳನ್ನು ಮಾತ್ರ ಕ್ಲೌಡಿಗೆ ಏರಿಸಬಹುದು. ಎರಡೂ ಡಿಸ್ಕಿಗೆ ನಕಲಾಗುವವರೆಗೆ ಕ್ಯಾಮೆರಾದ ಕಾರ್ಡನ್ನು ಅಳಿಸಕೂಡದು.

ಮೂರನೆಯದು ಮುದ್ರಣಾಲಯ. ಹಳೆಯ ಪ್ರೆಸ್ಸುಗಳಲ್ಲಿ ಪೇಜ್‌ಮೇಕರ್ ತಂತ್ರಾಂಶದಲ್ಲಿ ಮಾಡಿದ ಲಗ್ನಪತ್ರಿಕೆ, ಸ್ಮರಣ ಸಂಚಿಕೆಗಳು ಸಾವಿರಗಟ್ಟಲೆ ಇವೆ. ಯೂನಿಕೋಡ್ ರೂಢಿಗೆ ಬರುವ ಮೊದಲಿನ ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಅಚ್ಚುಮಾಡಿದಂಥವು. ಆ ಫೈಲುಗಳನ್ನಷ್ಟೇ ಉಳಿಸಿಕೊಂಡು ಫಾಂಟ್ ಉಳಿಸಿಕೊಳ್ಳದಿದ್ದರೆ, ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಪೇಜ್‌ಮೇಕರಂತೂ ಈಗ ಮಾರಾಟದಲ್ಲೇ ಇಲ್ಲ. ಹಾಗಾಗಿ ಪ್ರೆಸ್ಸಿನವರ ಬ್ಯಾಕಪ್‌ನಲ್ಲಿ ಫಾಂಟುಗಳು, ತಂತ್ರಾಂಶದ ಮೂಲ ಪ್ರತಿ, ಅದರ ಲೈಸೆನ್ಸ್ ಸಂಖ್ಯೆ ಎಲ್ಲವೂ ಸೇರಿರಬೇಕು.

ವಿಧಾನ ಯಾವುದೇ ಇರಲಿ, ಅದನ್ನು ಅಳೆಯಲು ಒಂದು ಸೂತ್ರವಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್, ಡಿಜಿಟಲ್ ಚಿತ್ರಗಳನ್ನು ಜೋಪಾನ ಮಾಡುವ ಬಗ್ಗೆ 2005ರಲ್ಲಿ ಬರೆದ ಪುಸ್ತಕದಿಂದ ಪ್ರಚಾರಕ್ಕೆ ಬಂದದ್ದು. ಅದನ್ನು 3-2-1 ಎನ್ನುತ್ತಾರೆ. ಅಸಲು ಸೇರಿ ಮೂರು ಪ್ರತಿ ಇರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿ ಬೇರೆ ಜಾಗದಲ್ಲಿರಬೇಕು. ನೆನಪಿಟ್ಟುಕೊಳ್ಳಲು ಸುಲಭ. ಶೆಟ್ಟರ ಡಿ ಡ್ರೈವನ್ನು ಈ ಸೂತ್ರಕ್ಕೆ ಹಚ್ಚಿ ನೋಡಿದರೆ ಮೂರರಲ್ಲಿ ಒಂದೂ ಸರಿಹೋಗುವುದಿಲ್ಲ.

ಬೇರೆ ಜಾಗ ಏಕೆ ಎಂದು ನಮ್ಮ ರಾಜ್ಯದವರಿಗೆ ವಿವರಿಸಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿಯಿತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಪೇಟೆಗಳಿಗೆ ನೀರು ನುಗ್ಗಿತು. ನೀರು ಬಂದಾಗ ಮೇಜಿನ ಕೆಳಗಿನ ಕಂಪ್ಯೂಟರೂ ಮುಳುಗುತ್ತದೆ, ಅದೇ ಮೇಜಿನ ಡ್ರಾಯರಿನ ಪೆನ್‌ಡ್ರೈವೂ ಮುಳುಗುತ್ತದೆ. ಕ್ಲೌಡ್ ಎಂದರೂ ಅದು ಯಾವುದೋ ಊರಿನ ಯಾವುದೋ ಕಟ್ಟಡದಲ್ಲಿರುವ ಕಂಪ್ಯೂಟರೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದು ಅಂತಸ್ತಿನ ಡೇಟಾ ಕೇಂದ್ರವೊಂದು ಸುಟ್ಟುಹೋಯಿತು. ಬ್ಯಾಕಪ್ ಕೂಡ ಅದೇ ಕಟ್ಟಡದಲ್ಲಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಇನ್ನೊಂದು ಅಪಾಯವಿದೆ, ಅದು ಬೆಂಕಿ, ನೀರುಗಳಿಗಿಂತ ಕಪಟಿ. ಗೂಗಲ್ ಡ್ರೈವ್, ಒನ್‌ಡ್ರೈವ್‌ನಂಥ ಸೇವೆಗಳನ್ನು ಬಳಸುವವರು, ‘ನಮ್ಮ ಫೈಲು ತಾನಾಗಿಯೇ ಮೇಲಕ್ಕೆ ಹೋಗುತ್ತದೆ, ಬ್ಯಾಕಪ್ ಚಿಂತೆ ಇಲ್ಲ’ ಎಂದು ನೆಮ್ಮದಿಯಾಗಿರುತ್ತಾರೆ. ತಾನಾಗಿ ಹೋಗುವುದು ಸಿಂಕ್ ಎಂಬ ಏರ್ಪಾಡು. ಇಲ್ಲಿ ಆದ ಬದಲಾವಣೆ ಅಲ್ಲೂ ಆಗಬೇಕು ಎಂಬುದೇ ಅದರ ಕೆಲಸ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ಶಾಶ್ವತವಾಗಿ ಹೋಗುತ್ತದೆ. ಇಲ್ಲಿ ವೈರಸ್ ಬಂದು ಫೈಲುಗಳಿಗೆ ಬೀಗ ಜಡಿದರೆ, ಆ ಬೀಗ ಜಡಿದ ಫೈಲೇ ಅಲ್ಲಿಯ ಒಳ್ಳೆಯ ಫೈಲಿನ ಜಾಗದಲ್ಲಿ ಕೂರುತ್ತದೆ.

ಇದು ಎಷ್ಟು ದೊಡ್ಡವರಿಗೂ ಆಗಬಹುದು ಎಂಬುದಕ್ಕೆ ಡೆನ್ಮಾರ್ಕಿನ ಹಡಗು ಕಂಪನಿ ಮೆರ್ಸ್ಕ್‌ನ ಪ್ರಸಂಗ ಹೇಳುತ್ತೇನೆ. 2017ರ ಜೂನ್ 27. ಯುಕ್ರೇನಿನ ವರ್ತಕರು ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ತಂತ್ರಾಂಶವೊಂದರ ಅಪ್‌ಡೇಟ್ ಜೊತೆ ನಾಟ್‌ಪೆಟ್ಯ ಎಂಬ ಮಾರಿ ಹೊರಬಿತ್ತು. ಮೆರ್ಸ್ಕ್‌ನ ಯುಕ್ರೇನ್ ಕಚೇರಿಯಲ್ಲೂ ಆ ತಂತ್ರಾಂಶವಿತ್ತು. ಅಲ್ಲಿಂದ ಹೊಕ್ಕ ಮಾರಿ ಜಗತ್ತಿನಾದ್ಯಂತ ಕಂಪನಿಯ ಕಂಪ್ಯೂಟರುಗಳನ್ನು ಮಲಗಿಸಿತು. ನಮ್ಮ ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ ಕೂಡ ಸ್ಥಗಿತವಾಯಿತು. ಇಡೀ ಜಾಲದ ನಕ್ಷೆ, ಯಾರಿಗೆ ಎಲ್ಲಿ ಪ್ರವೇಶ ಎಂಬ ವಿವರ ಇಟ್ಟುಕೊಂಡಿದ್ದ ಮುಖ್ಯ ಸರ್ವರುಗಳು ಸುಮಾರು 150 ಇದ್ದವು. ಒಂದು ಹೋದರೆ ಇನ್ನೊಂದು ಇರಲಿ ಎಂದು ಅವು ಪರಸ್ಪರ ಸಿಂಕ್ ಆಗುತ್ತಿದ್ದವು. ಅವಷ್ಟೂ ಒಟ್ಟಿಗೆ ಹೋದವು. ಒಂದೇ ಒಂದು ಉಳಿದಿತ್ತು, ಆಫ್ರಿಕಾದ ಘಾನಾ ದೇಶದ ಕಚೇರಿಯಲ್ಲಿ. ಏಕೆ ಉಳಿಯಿತು ಗೊತ್ತೇ? ದಾಳಿಯಾದ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು. ಆ ಸರ್ವರಿನ ಮಾಹಿತಿಯನ್ನು ಇಂಗ್ಲೆಂಡಿಗೆ ಕಳಿಸೋಣವೆಂದರೆ ಅಲ್ಲಿಯ ಇಂಟರ್‌ನೆಟ್ ನಿಧಾನ, ದಿನಗಟ್ಟಲೆ ಹಿಡಿಯುತ್ತಿತ್ತು. ಘಾನಾದ ಸಿಬ್ಬಂದಿಗೆ ಬ್ರಿಟಿಷ್ ವೀಸಾ ಇರಲಿಲ್ಲ. ಕೊನೆಗೆ ಒಬ್ಬರು ನೈಜೀರಿಯಾದ ವಿಮಾನ ನಿಲ್ದಾಣದವರೆಗೆ ಡಿಸ್ಕ್ ಹೊತ್ತು ತಂದು ಇನ್ನೊಬ್ಬರ ಕೈಗೆ ಕೊಟ್ಟರು. ಅವರು ಲಂಡನ್ನಿಗೆ ಹಾರಿದರು. ಕಂಪನಿಗೆ ಆದ ನಷ್ಟ 25ರಿಂದ 30 ಕೋಟಿ ಡಾಲರ್ ಎಂದು ಅಂದಾಜಾಯಿತು.

ಇದರಿಂದ ಅಂಗಡಿಯವರು ಕಲಿಯಬೇಕಾದ್ದು ಸರಳ. ಒಂದು ಪ್ರತಿಯಾದರೂ ಯಾವ ತಂತಿಗೂ, ಯಾವ ನೆಟ್‌ವರ್ಕಿಗೂ ಅಂಟಿಕೊಂಡಿರಬಾರದು. ಮೆರ್ಸ್ಕ್‌ಗೆ ಅದೃಷ್ಟ ಮಾಡಿಕೊಟ್ಟದ್ದನ್ನು ನಾವು ಕೈಯಾರೆ ಮಾಡಿಕೊಳ್ಳಬೇಕು. ಹೊರ ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿಯೇ ಬಿಟ್ಟಿದ್ದರೆ ಫೈಲುಗಳಿಗೆ ಬೀಗ ಹಾಕುವ ವೈರಸ್ ಅದಕ್ಕೂ ಬೀಗ ಹಾಕುತ್ತದೆ. ನಕಲು ಮುಗಿದ ಕೂಡಲೇ ಕಳಚಿ ಇಡಬೇಕು. ಎರಡು ಡಿಸ್ಕ್ ಇಟ್ಟುಕೊಂಡು ಸರದಿಯ ಮೇಲೆ ಬಳಸಿದರೆ, ಒಂದು ಅಂಗಡಿಯಲ್ಲಿದ್ದಾಗ ಇನ್ನೊಂದು ಮನೆಯಲ್ಲಿರುತ್ತದೆ. ಪೆನ್‌ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ನಂಬಿ ಇಡಲು ತಕ್ಕದ್ದಲ್ಲ.

ಇನ್ನು ಎಷ್ಟು ಹಳೆಯ ಪ್ರತಿ ಇಡಬೇಕು? ಹಲವರು ನಿನ್ನೆಯ ನಕಲಿನ ಮೇಲೆಯೇ ಇವತ್ತಿನದನ್ನು ಹಾಕುತ್ತಾರೆ. ಎರಡು ತಿಂಗಳ ಹಿಂದೆ ಯಾರೋ ಒಂದು ಖಾತೆಯನ್ನು ತಪ್ಪಾಗಿ ತಿದ್ದಿದ್ದು ಇವತ್ತು ಗೊತ್ತಾದರೆ, ಆ ಹೊತ್ತಿಗೆ ಎಲ್ಲ ನಕಲುಗಳಲ್ಲೂ ತಪ್ಪೇ ಇರುತ್ತದೆ. ಆದ್ದರಿಂದ ವಾರದ ಏಳು ದಿನಕ್ಕೆ ಏಳು ಪ್ರತಿ, ತಿಂಗಳ ಕೊನೆಯದ್ದು ಹನ್ನೆರಡು ಪ್ರತಿ, ವರ್ಷಾಂತ್ಯದ್ದು ಕಾಯಂ ಎಂದು ಇಟ್ಟುಕೊಳ್ಳಿ. ಫೈಲಿನ ಹೆಸರಿನಲ್ಲೇ ತಾರೀಖು ಇರಲಿ. ವರ್ಷಾಂತ್ಯದ ಪ್ರತಿ ಇಡುವುದು ಕಾನೂನಿನ ಮಾತೂ ಹೌದು. ಜಿಎಸ್‌ಟಿ ಕಾಯಿದೆಯ 36ನೇ ಸೆಕ್ಷನ್ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಬೇಕು. 2023-24ರ ಲೆಕ್ಕವನ್ನು 2030ರ ಡಿಸೆಂಬರ್ ಕೊನೆಯವರೆಗೆ ಕಾಯಬೇಕು ಎಂದಾಯಿತು; ಮೇಲ್ಮನವಿ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲವಾಗಬಹುದು. ಜಿಎಸ್‌ಟಿ ನಿಯಮಗಳ ಪೈಕಿ 57ನೆಯದು ಇನ್ನೂ ಸ್ಪಷ್ಟವಾಗಿದೆ: ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು, ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ಅದು ನಾಶವಾದರೆ ತಕ್ಕ ಸಮಯದಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇಡಲೇಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ, 2022ರ ಆಗಸ್ಟ್‌ನ ತಿದ್ದುಪಡಿಯ ನಂತರ, ಭಾರತದಲ್ಲೇ ಇರುವ ಸರ್ವರಿನಲ್ಲಿ ಪ್ರತಿದಿನ ಬ್ಯಾಕಪ್ ಇಡಬೇಕೆಂಬ ನಿಯಮವೂ ಅನ್ವಯಿಸುತ್ತದೆ. ‘ಸಿಸ್ಟಂ ಕೆಟ್ಟುಹೋಯ್ತು ಸ್ವಾಮಿ’ ಎಂದು ಅಧಿಕಾರಿಗಳ ಮುಂದೆ ಹೇಳಿ ಪಾರಾಗುವ ಕಾಲ ಮುಗಿದಿದೆ.

ಕ್ಲೌಡ್ ತೆಗೆದುಕೊಳ್ಳುವಾಗ ಬಾಡಿಗೆ ಎಷ್ಟು ಎನ್ನುವುದಕ್ಕಿಂತ ಮುಖ್ಯ, ಖಾತೆ ಯಾರ ಹೆಸರಿನಲ್ಲಿದೆ ಎನ್ನುವುದು. ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ತನ್ನ ಈಮೇಲ್‌ನಲ್ಲೇ ಖಾತೆ ತೆರೆದಿರುತ್ತಾನೆ; ಓಟಿಪಿ ಅವನ ಮೊಬೈಲಿಗೆ ಬರುತ್ತದೆ. ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಮೇಲೆ ಲೆಕ್ಕ ನಮ್ಮದು, ಕೀಲಿ ಅವನದು. ಖಾತೆ ಯಜಮಾನರ ಹೆಸರಿನಲ್ಲೇ ಇರಲಿ. ನಕಲಿಗೆ ಪಾಸ್‌ವರ್ಡ್ ಹಾಕಿ, ಏಕೆಂದರೆ ಕಳೆದುಹೋದ ಡಿಸ್ಕಿನಲ್ಲಿ ಗಿರಾಕಿಗಳ ವಿವರ ಇರುತ್ತದೆ. ಆ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆ ಅಂಟಿಸಿ, ಮನೆಯ ಬೀರುವಿನಲ್ಲಿಡಿ. ಹೆಂಡತಿಗೋ ಮಗನಿಗೋ ಜಾಗ ತಿಳಿದಿರಲಿ.

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಬಾಕಿ ಇರುತ್ತದೆ, ಅದನ್ನೇ ಎಲ್ಲರೂ ಬಿಡುತ್ತಾರೆ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯ ಎಂಜಿನಿಯರೊಬ್ಬರು ದಣಿದಿದ್ದ ಹೊತ್ತಿನಲ್ಲಿ, ಅಳಿಸಬೇಕಾದ ಸರ್ವರ್ ಬಿಟ್ಟು ಇನ್ನೊಂದರ ಮಾಹಿತಿ ಅಳಿಸಿದರು. ಕಂಪನಿಯಲ್ಲಿ ಐದು ಬಗೆಯ ಬ್ಯಾಕಪ್ ಏರ್ಪಾಡು ಇತ್ತು. ತೆರೆದು ನೋಡಿದರೆ ಒಂದೂ ನೆಚ್ಚುವಂತಿರಲಿಲ್ಲ. ಒಂದಂತೂ ವಿಫಲವಾಗುತ್ತಲೇ ಇತ್ತು. ‘ವಿಫಲವಾಗಿದೆ’ ಎಂದು ಎಚ್ಚರಿಸುವ ಈಮೇಲ್ ಕೂಡ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಯಾರೋ ತೆಗೆದಿಟ್ಟ ನಕಲಿನಿಂದ ಅವರು ಬಚಾವಾದರು. ತಂತ್ರಾಂಶವೇ ಕಸುಬಾಗಿದ್ದವರ ಪಾಡು ಇದು. ಅವರು ಮಾಡದೆ ಬಿಟ್ಟದ್ದು ಬ್ಯಾಕಪ್ ತೆಗೆಯುವುದನ್ನಲ್ಲ, ಅದರಿಂದ ರಿಸ್ಟೋರ್ ಮಾಡಿ ನೋಡುವುದನ್ನು.

ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ. ಅಂಗಡಿಯದಲ್ಲದ ಬೇರೊಂದು ಕಂಪ್ಯೂಟರ್ ತೆಗೆದುಕೊಳ್ಳಿ. ನಿಮ್ಮ ಬ್ಯಾಕಪ್‌ನಿಂದ ಅದರಲ್ಲಿ ಲೆಕ್ಕ ತೆರೆಯಿರಿ. ಅಂಗಡಿಯ ಕಂಪ್ಯೂಟರಿನಲ್ಲೇ ತೆರೆದು ಅಸಲಿನ ಮೇಲೆ ಹಳೆಯದನ್ನು ಹಾಕಿಕೊಳ್ಳಬೇಡಿ. ಒಬ್ಬ ಗಿರಾಕಿಯ ಬಾಕಿ, ಒಂದು ಸರಕಿನ ದಾಸ್ತಾನು, ಒಂದು ಹಳೆಯ ಬಿಲ್ಲು, ಇವಿಷ್ಟನ್ನು ಅಸಲಿನೊಂದಿಗೆ ತಾಳೆ ನೋಡಿ. ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ಅಂಗಡಿ ಎಷ್ಟು ಹೊತ್ತು ಬಾಗಿಲು ಹಾಕಬೇಕಾದೀತು ಎಂಬ ಪ್ರಶ್ನೆಗೆ ನಿಜವಾದ ಉತ್ತರ ಅದೇ. ಒಬ್ಬರಿಗೆ ಈ ಹೊಣೆ ವಹಿಸಿ, ಅವರ ಹೆಸರನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಎಲ್ಲರ ಕೆಲಸ ಎಂದರೆ ಅದು ಯಾರ ಕೆಲಸವೂ ಆಗುವುದಿಲ್ಲ.

ಬಿಲ್ಲು, ಖಾತೆ, ದಾಸ್ತಾನು ಇಷ್ಟೇ ಇರುವ ಸಾಮಾನ್ಯ ಅಂಗಡಿಗೆ ನನ್ನ ಸಲಹೆ ಹೀಗಿದೆ. ಸಂಜೆ ಲೆಕ್ಕದ ತಂತ್ರಾಂಶ ಮುಚ್ಚಿದ ಮೇಲೆ ಒಂದು ನಕಲು ಹೊರ ಡಿಸ್ಕಿಗೆ, ಒಂದು ನಕಲು ಕ್ಲೌಡಿಗೆ. ಡಿಸ್ಕ್ ಎರಡಿರಲಿ, ವಾರಕ್ಕೊಮ್ಮೆ ಮನೆಯದ್ದು ಅಂಗಡಿಗೆ, ಅಂಗಡಿಯದ್ದು ಮನೆಗೆ. ಖರ್ಚು ಕೆಲವು ಸಾವಿರ ರೂಪಾಯಿಯ ಎರಡು ಡಿಸ್ಕ್, ಕ್ಲೌಡಿನ ಸಣ್ಣ ಬಾಡಿಗೆ, ದಿನಕ್ಕೆ ಹತ್ತು ನಿಮಿಷ. ಇದಕ್ಕಿಂತ ದುಬಾರಿ ಯಂತ್ರ ಮಾರಲು ಬಂದವರಿಗೆ, ‘ಕಳೆದುಹೋದ ದಿನ ಇದರಿಂದ ವಾಪಸ್ ತರಲು ಎಷ್ಟು ಹೊತ್ತು ಬೇಕು, ಈಗ ಮಾಡಿ ತೋರಿಸಿ’ ಎಂದು ಕೇಳಿ. ತೋರಿಸಿದರೆ ಕೊಳ್ಳುವ ಮಾತಾಡಿ.

ಈ ವಾರ ನಿಮ್ಮ ಅಂಗಡಿಗೆ ರಜೆ ಇರುವ ದಿನ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಹೊಸದೇನನ್ನೂ ಕೊಳ್ಳುವ ಮೊದಲು, ಈಗ ಇದೆ ಎಂದುಕೊಂಡಿರುವ ಬ್ಯಾಕಪ್‌ನಿಂದ ಒಂದೇ ಒಂದು ಖಾತೆಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದಿದ್ದರೆ, ಆ ದಿನದವರೆಗೆ ನಿಮ್ಮ ಹತ್ತಿರ ಬ್ಯಾಕಪ್ ಇರಲಿಲ್ಲ ಎಂದು ತಿಳಿದು, ಮರುದಿನವೇ ಶುರುಮಾಡಿ.